ಊಟದ ಡಬ್ಬಿ ಇಲ್ಲದ ಆಫೀಸು

ಮನೆಯಿಂದ,
ತಾರೀಕು ಹದಿನಾಲ್ಕು, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಚೂಟಿ,

ಹೇಗಿದ್ದೀಯಮ್ಮ? ಕೆಮ್ಮು ನಿಂತಿತೇ? "ಸ್ವಲ್ಪ ಇದೆ" ಎಂದು ಬರೆದಿದ್ದೀಯ. ನಿನ್ನ ಸ್ವಲ್ಪ ಎಷ್ಟೆಂದು ನನಗೆ ಗೊತ್ತು, ಚಿಕ್ಕಂದಿನಲ್ಲಿ ಕೈ ಮುರಿದಾಗಲೂ ಸ್ವಲ್ಪ ನೋವು ಅಂದವಳು ನೀನು. ಚಿಕ್ಕಮ್ಮನ ಹತ್ತಿರ ಬಿಸಿನೀರು ಕೇಳಿ ಕುಡಿ, ಸಂಕೋಚ ಬೇಡ. ನನ್ನ ಮಂಡಿ ಹಾಗೇ ಇದೆ. ಡಾಕ್ಟರು ಹೊಸ ಮಾತ್ರೆ ಕೊಟ್ಟಿದ್ದಾರೆ. ಹಳೆಯದೂ ಬಿಳಿ, ಇದೂ ಬಿಳಿ, ಅದನ್ನೇ ಬೇರೆ ಚೀಟಿಯಲ್ಲಿ ಬರೆದಿದ್ದಾರೆಂದು ನನಗೆ ಅನುಮಾನ. ನಿಮ್ಮಮ್ಮ ಹೊಲಿಗೆ ಮಷೀನಿನ ಮುಂದೆ ಕೂತು ನನ್ನನ್ನು ಬೈಯುವಷ್ಟು ಆರೋಗ್ಯವಾಗಿದ್ದಾಳೆ.

ನಿನ್ನ ಕಾಗದ ಮೂರು ಸಲ ಓದಿದೆ. ನೀನು ದುಡಿಯುತ್ತಿದ್ದ ನಲ್ಲಿ ಕಾರ್ಖಾನೆ ಮುಚ್ಚಿ ಐದು ತಿಂಗಳಾಯಿತು, ತಕ್ಕಡಿ ಕಾರ್ಖಾನೆಯ ಇಂಟರ್ವ್ಯೂ ಚೆನ್ನಾಗಿ ಆಗಿಯೂ ಹತ್ತು ದಿನದಿಂದ ಸುದ್ದಿಯಿಲ್ಲ, "ಅವರು ಇನ್ನು ಕರೆಯೋಲ್ಲ ಬಿಡಪ್ಪ" ಎಂದಿದ್ದೀಯ. ಅಲ್ಲಿಯವರೆಗೆ ಸರಿ. ಆದರೆ ಆ ಕೆಲಸ ಕೊಡಿಸುವ ಆಫೀಸಿನವನಿಗೆ ಗುರುವಾರ ಬೆಳಗ್ಗೆ ಒರಿಜಿನಲ್ ಸರ್ಟಿಫಿಕೇಟುಗಳನ್ನೆಲ್ಲ ಒಪ್ಪಿಸಿ ಸೇರಿಕೊಳ್ಳುತ್ತೇನೆ, ಎರಡು ವರ್ಷ ಅವು ಅವನ ಬೀರುವಿನಲ್ಲೇ ಇರುತ್ತವೆ ಎಂದೂ ಬರೆದಿದ್ದೀಯಲ್ಲ, ಅದು ಮಾತ್ರ ಕೂಡದು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಕಣಮ್ಮ! ನಾಳೆ ಬೇರೆ ಕಡೆ ಒಳ್ಳೆಯ ಕೆಲಸ ಸಿಕ್ಕರೆ ಏನು ತೋರಿಸುತ್ತೀ, ನಿನ್ನ ಕೆಮ್ಮನ್ನೇ? ಒರಿಜಿನಲ್ ತೋರಿಸುವುದು, ಜೆರಾಕ್ಸ್ ಕೊಡುವುದು. ಅವನು ಓದುವಾಗಲೂ ಒಂದು ಅಂಚು ನಿನ್ನ ಬೆರಳಲ್ಲೇ ಇರಲಿ.

ಮೂವತ್ತೊಂದು ವರ್ಷ ಕಾರ್ಖಾನೆಯ ಗೇಟು ಕಾದವನು ನಾನು. ಕೆಲಸ ಕೇಳಿ ಬಂದವರನ್ನು ಮ್ಯಾನೇಜರಿಗಿಂತ ಮೊದಲು ನೋಡಿದವನು ನಾನೇ, ಆದ್ದರಿಂದ ಸ್ವಲ್ಪ ಕೇಳು. ಯಾವ ಆಫೀಸಿಗೆ ಹೋದರೂ ಮೊದಲು ಊಟದ ಡಬ್ಬಿಗಳನ್ನು ಹುಡುಕು. ಕಿಟಕಿ ಕಟ್ಟೆಯ ಮೇಲೆ, ಮೇಜಿನ ಕೆಳಗೆ, ಎಲ್ಲಾದರೂ ಇರಬೇಕು. ಜನ ನಿಜವಾಗಿ ದುಡಿಯುವ ಜಾಗದಲ್ಲಿ ಡಬ್ಬಿ ಇದ್ದೇ ಇರುತ್ತದೆ. ಹೊಸ ಕುರ್ಚಿ, ಹೊಸ ಫ್ಯಾನು, ಗೋಡೆಗೆ ಹಸಿ ಬಣ್ಣ, ಒಂದೂ ಡಬ್ಬಿ ಇಲ್ಲ ಎಂದರೆ ಬಂದ ದಾರಿ ಹಿಡಿ. "ಮೇಡಂ, ಮೇಡಂ" ಎಂದು ನಿನ್ನ ಹಿಂದೆಯೇ ಸುತ್ತುತ್ತಾನೆ ಎಂದು ಬರೆದಿದ್ದೀಯ. ಅತಿ ವಿನಯಂ ಧೂರ್ತ ಲಕ್ಷಣಂ! ಒಂದು ಜಾಗಕ್ಕೆ ಮುನ್ನೂರು ಅರ್ಜಿ ಬರುವ ಕಾಲದಲ್ಲಿ ನಾಳೆಯೇ ಸೇರಿ ಎನ್ನುವವನಿಗೆ ಬೇಕಿರುವುದು ನಿನ್ನ ಕೆಲಸವಲ್ಲ.

ಇನ್ನು ನಿನ್ನ ಅರ್ಜಿ. "ಪ್ರಾಮಾಣಿಕಳು, ಶ್ರಮಜೀವಿ" ಎಂದು ಬರೆದಿದ್ದೀಯ. ಕಳ್ಳನೂ ಹಾಗೇ ಬರೆಯುತ್ತಾನೆ. ದಿನಕ್ಕೆ ನಾನೂರು ನಲ್ಲಿ ಪರೀಕ್ಷೆ ಮಾಡುತ್ತಿದ್ದೆ, ನಾನು ಪಾಸು ಮಾಡಿದ್ದರಲ್ಲಿ ವರ್ಷಕ್ಕೆ ಹತ್ತೂ ವಾಪಸು ಬರಲಿಲ್ಲ ಎಂದು ಬರೆ. ಒಂದೇ ಹಾಳೆ ಸಾಕು, ಎರಡನೆಯದನ್ನು ಯಾರೂ ತಿರುವುವುದಿಲ್ಲ. ಕೆಲಸ ಬಿಡುವ ಹೊತ್ತಿಗೆ ಗೇಟಿನ ಎದುರಿನ ಟೀ ಅಂಗಡಿಯಲ್ಲಿ ನಿಲ್ಲು. ಯಾವ ವಿಭಾಗದವರು ತಡವಾಗಿ, ಗೊಣಗುತ್ತಾ ಹೊರಗೆ ಬರುತ್ತಾರೋ ಅಲ್ಲಿ ಜನ ಸಾಲದು. ಆ ವಿಭಾಗದ ಮೇಸ್ತ್ರಿ ಯಾರೆಂದು ಕೇಳಿಕೊಂಡು ಅವರ ಹೆಸರಿಗೇ ಅರ್ಜಿ ಹಾಕು. ವಾರ ಬಿಟ್ಟು ಇನ್ನೊಮ್ಮೆ ಹೋಗು, ಸುಮ್ಮನೆ ಕಾಯಬೇಡ. ಹಳೆಯ ಜೊತೆಗಾರರಿಗೆಲ್ಲ ಕೆಲಸ ಹುಡುಕುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳು. ಕೆಲಸ ಹೋದದ್ದು ನಿನ್ನ ತಪ್ಪೇನಲ್ಲ, ಮುಖ ಮುಚ್ಚಿಕೊಂಡು ಓಡಾಡಬೇಡ. ನಿನ್ನ ಕೈಯ ಕೆಲಸ ನಾನು ನೋಡಿದ್ದೇನೆ. ನನಗೆ ಯಾರ ಮೇಲೂ ನಂಬಿಕೆಯಿಲ್ಲದಿದ್ದರೂ ಅದರ ಮೇಲಿದೆ.

ಚಿಕ್ಕಮ್ಮನಿಗೆ ನಮ್ಮಿಬ್ಬರ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನಗೆ ಒಳ್ಳೆಯದಾಗಲಿ, ನಿನ್ನ ದುಡಿಮೆ ತಿಳಿದವರ ಕಣ್ಣಿಗೆ ನೀನು ಬೀಳುವಂತಾಗಲಿ.

ಇಂತಿ ನಿನ್ನ
ಅಪ್ಪ

ವಿ.ಸೂ.: ನಿಮ್ಮಮ್ಮ ಇದನ್ನು ಓದಿ, "ಅಸಲು ಮಾತು ಎಲ್ರೀ? ಅದನ್ನ ಬರೀರಿ ಮೊದ್ಲು" ಎಂದು ಕವರು ಕಿತ್ತುಕೊಂಡಿದ್ದಾಳೆ. ಬರೆಯುತ್ತೇನೆ. ಚಿಕ್ಕಮ್ಮನ ಮನೆಯಲ್ಲಿ ಫೋನಿಲ್ಲವೆಂದು ನೀನು ತಕ್ಕಡಿ ಕಾರ್ಖಾನೆಗೆ ನಮ್ಮ ಮನೆ ನಂಬರು ಕೊಟ್ಟಿದ್ದೆಯಂತೆ. ನನಗೆ ಯಾರೂ ಹೇಳಿರಲಿಲ್ಲ. ಕಳೆದ ಬುಧವಾರ ಒಬ್ಬ ಹೆಂಗಸು ಫೋನು ಮಾಡಿ ನಿನ್ನ ಪೂರ್ತಿ ಹೆಸರು ಹೇಳಿ, ಇದು ಅವರ ಮನೆಯಾ, ಮೊದಲು ಎಲ್ಲಿ ಕೆಲಸ ಮಾಡ್ತಿದ್ರು, ಈಗ ಎಲ್ಲಿದ್ದಾರೆ ಎಂದು ಒಂದೇ ಸಮ ಕೇಳಿದಳು. ಗೇಟಿನಲ್ಲಿ ಯಾರು ಯಾರನ್ನು ವಿಚಾರಿಸಿದರೂ ನಾನು ಕೊಡುತ್ತಿದ್ದುದು ಒಂದೇ ಉತ್ತರ. ಹಾಳಾದ್ದು ಅದೇ ಬಾಯಿಗೆ ಬಂತು: "ಅಂಥವರು ಇಲ್ಲಿ ಯಾರೂ ಇಲ್ಲ." ಹಾಗಾದ್ರೆ ಅರ್ಜಿಯಲ್ಲಿರೋದು ಸುಳ್ಳಾ ಎಂದಳು. ನಾನು ಫೋನು ಇಟ್ಟೆ. ಮೋಸಗಾರ್ತಿಯನ್ನು ಓಡಿಸಿದೆನೆಂದು ಹೆಮ್ಮೆ ಬೇರೆ. ಇವತ್ತು ಬೆಳಗ್ಗೆ ಜಂಬ ಕೊಚ್ಚಿಕೊಂಡಾಗ ನಿಮ್ಮಮ್ಮ ತಲೆ ಚಚ್ಚಿಕೊಂಡಳು. ನಿನ್ನ ಇಂಟರ್ವ್ಯೂ ಕಾಗದದಲ್ಲಿದ್ದ ನಂಬರಿಗೆ ಫೋನು ಮಾಡಿ ತಪ್ಪಾಯಿತು ತಾಯಿ, ನಾನೇ ಅವಳ ತಂದೆ ಎಂದೆ. "ತಂದೆ ಅಂತ ಯಾರು ಬೇಕಾದ್ರೂ ಹೇಳಬಹುದು, ನಾವು ಹೇಗೆ ನಂಬೋದು?" ಎಂದಳು. ಮತ್ತೆ ಮತ್ತೆ ಬೇಡಿಕೊಂಡೆ ಕಣಮ್ಮ. ಕಡೆಗೆ ಗುರುವಾರ ಹನ್ನೊಂದರೊಳಗೆ ನೀನೇ ಒರಿಜಿನಲ್ ಹಿಡಿದು ಬಂದರೆ ನೋಡುತ್ತಾರಂತೆ, ಆಮೇಲೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಐದು ಗಂಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ, ನಾಳೆ ಬೆಳಗ್ಗೆ ನಿನಗೆ ಮುಟ್ಟುತ್ತದೆ. ಆ ಕೆಲಸ ಕೊಡಿಸುವವನ ಕಡೆ ತಲೆ ಹಾಕಬೇಡ, ನೆಟ್ಟಗೆ ತಕ್ಕಡಿಯವರ ಹತ್ತಿರ ಹೋಗು. ನಾನು ತಂದೆಯೆಂದು ಅವರು ಹೇಗೂ ನಂಬಿಲ್ಲ, ಅವತ್ತು ಫೋನಿನಲ್ಲಿ ಮಾತಾಡಿದವನು ಯಾರೆಂದು ಕೇಳಿದರೆ ರಾಂಗ್ ನಂಬರ್ ಇರಬೇಕು, ನನಗೆ ಅವನು ಯಾರೋ ಗೊತ್ತಿಲ್ಲ ಅಂದುಬಿಡು. ನನಗೆ ಬೇಜಾರಿಲ್ಲ ಮಗಳೇ.