ಹಳೆಯ ನಂಬರಿನ ಮನೆಯಲ್ಲಿರುವವರಿಗೆ

ಗದಗ, 2309ನೆಯ ಇಸವಿ, ಚೈತ್ರದ ನಲವತ್ತೊಂದನೆಯ ದಿನ. (ನಮ್ಮಲ್ಲಿ ಬೇಸಿಗೆಯ ತಿಂಗಳುಗಳು ಉದ್ದ.)

ಮಾನ್ಯರೇ,

ನೀವು ಯಾರೆಂದು ನನಗೆ ತಿಳಿಯದು. ನೀವು ಈಗ ವಾಸವಿರುವ ಜಾಗದಲ್ಲಿ ಮುಂದೊಂದು ದಿನ ಕಟ್ಟಲಾಗುವ ಮನೆಯಲ್ಲಿ ನಾನು ಹನ್ನೆರಡು ವರ್ಷ ಇದ್ದೆ. ನಿಮ್ಮ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದ್ದು ಕೂತಿರುವ ಫೋನಿನ ನಂಬರೇ ನನ್ನ ಮನೆಯ ನಂಬರೂ ಆಗಿತ್ತು. ನಮ್ಮ ಸಂಬಂಧ ಇಷ್ಟೇ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಸರ್ಕಾರಿ ನೋಟೀಸುಗಳಿಂದ ಕಲಿತೆ. ನಡುವೆ ಎಲ್ಲಾದರೂ ಗದರಿಸಿದಂತೆ ಕೇಳಿಸಿದರೆ ಅದು ನನ್ನ ಸ್ವಭಾವವಲ್ಲ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಹಾಕುವ ವ್ಯವಸ್ಥೆ. ಒಬ್ಬರಿಗೆ ಆಯುಷ್ಯದಲ್ಲಿ ಒಂದೇ ಕಾಗದ. ಹೆಚ್ಚಿನವರು ಅದನ್ನು ತಮ್ಮ ಮುತ್ತಜ್ಜನಿಗೆ ಬುದ್ಧಿ ಹೇಳಲು ಬಳಸುತ್ತಾರೆ. ನಾನು ಫೋನಿನ ವಿಷಯಕ್ಕೆ ಬಳಸುತ್ತಿದ್ದೇನೆ.

ನಮ್ಮಲ್ಲಿ ಹನ್ನೆರಡು ವರ್ಷಕ್ಕೊಮ್ಮೆ ಎಲ್ಲರೂ ಮನೆ ಬದಲಿಸಬೇಕು. ಇದಕ್ಕೆ ಮನೆತಿರುವು ಎನ್ನುತ್ತೇವೆ. ಅಷ್ಟು ಕಾಲ ಮನುಷ್ಯರ ಮಾತು ಕೇಳಿ ಗೋಡೆಗಳು ದಣಿದಿರುತ್ತವೆ, ಒಂದು ವರ್ಷ ಸುಮ್ಮನಿರುವ ಹಕ್ಕು ಅವಕ್ಕಿದೆ ಎಂದು ಕಾನೂನು ಹೇಳುತ್ತದೆ. ಪಾತ್ರೆ, ಹಾಸಿಗೆ, ಕುರ್ಚಿ ನಮ್ಮ ಜೊತೆ ಬರುತ್ತವೆ, ಫೋನ್ ಬರುವುದಿಲ್ಲ. ಕಿಸೆಯಲ್ಲಿ ಫೋನ್ ಇಟ್ಟುಕೊಂಡು ತಿರುಗುವ ಚಟವನ್ನು ನಮ್ಮ ಹಿರಿಯರು ಬಿಟ್ಟು ನೂರೈವತ್ತು ವರ್ಷವಾಯಿತು. ಈಗ ಮನೆಗೊಂದೇ ಫೋನ್, ಗೋಡೆಯ ಮೇಲೆ. ನಂಬರನ್ನು ಬಾಗಿಲ ಚೌಕಟ್ಟಿನಲ್ಲಿ ಕೆತ್ತಿರುತ್ತಾರೆ. ಅದು ಮನುಷ್ಯನದಲ್ಲ, ಮನೆಯದು. ಇನ್ನೊಬ್ಬರ ನಂಬರನ್ನು ಬರೆದಿಟ್ಟುಕೊಂಡರೆ ಅವರಿಗೆ ಅವಮಾನ ಮಾಡಿದಂತೆ, ಬಾಯಿಪಾಠವೇ ಇರಬೇಕು. ಮನೆ ಬದಲಿಸಿದವರು ತಾವಾಗಿ ಕರೆದು ಹೊಸ ನಂಬರು ತಿಳಿಸಬೇಕು. ಕರೆ ಮಾಡಿದವರೇ ಮೊದಲು ಮಾತಾಡಬೇಕು. ಎತ್ತಿಕೊಂಡವರು ಬಾಯಿ ಮುಚ್ಚಿ ಕಾಯಬೇಕು. ಎತ್ತಿದ ಕೂಡಲೇ ‘ಹಲೋ’ ಎಂದು ಕೂಗುವುದು ನಿಮ್ಮ ಶತಮಾನದ ಅಸಹನೆಯ ಕುರುಹು ಎಂದು ನಮ್ಮ ಪಠ್ಯಪುಸ್ತಕದಲ್ಲಿದೆ. ತಪ್ಪು ತಿಳಿಯಬೇಡಿ.

ನನಗೊಬ್ಬ ಅಕ್ಕನಿದ್ದಾಳೆ, ಶಿವಗಂಗಾ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ಅವಳು ಕರೆ ಮಾಡಿ ಉಪ್ಪಿನಕಾಯಿಯ ಬಗ್ಗೆ ಮಾತಾಡತೊಡಗಿದಳು. ಕಾಲು ಗಂಟೆಯಾದರೂ ಮಾವಿನಕಾಯಿ ಹೆಚ್ಚುವುದೇ ಮುಗಿದಿರಲಿಲ್ಲ. ನಾನು ರಿಸೀವರನ್ನು ಮಂಚದ ಮೇಲಿಟ್ಟು ಹಿತ್ತಲಿಗೆ ಹೋದೆ. ಆ ವಾರ ನೆಟ್ಟ ಸಂಪಿಗೆ ಸಸಿಗೆ ನೀರು ಹಾಕಿ ಬಂದೆ. ಮರಳಿ ಕಿವಿಗಿಟ್ಟುಕೊಂಡಾಗ ಅವಳು, “ಅದಕ್ಕ ನೀ ಏನಂತೀಯೊ?” ಎಂದು ಕೇಳುತ್ತಿದ್ದಳು. ನಾನು ಉಪ್ಪಿನಕಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು, “ಹೌದಕ್ಕಾ, ನೀ ಹೇಳೋದು ಖರೇ ಐತಿ” ಎಂದೆ. ಅವಳು ಫೋನ್ ಇಟ್ಟಳು. ಅವಳು ಕೇಳಿದ್ದೇನೆಂದು ಆಮೇಲೆ ಬೇರೆಯವರಿಂದ ತಿಳಿಯಿತು: ‘ನಾ ಈಗ ಯಾರಿಗೂ ಬ್ಯಾಡಾದಾಕಿ, ನಾ ಸತ್ತರ ಎಲ್ಲಾರಿಗೂ ಆರಾಮ.’

ಅದಾಗಿ ಎರಡು ವರ್ಷ ಅವಳೂ ಕರೆಯಲಿಲ್ಲ, ನಾಚಿಕೆಗೆ ನಾನೂ ಕರೆಯಲಿಲ್ಲ. ಆಮೇಲೆ ಅವಳ ಮನೆತಿರುವು ಬಂತು. ಹೊಸ ನಂಬರು ತಿಳಿಸಲಿಲ್ಲ, ಹೊಸ ಊರನ್ನೂ ತಿಳಿಸಲಿಲ್ಲ. ಆದರೆ ಅಂದಿನಿಂದ ಪ್ರತಿ ಯುಗಾದಿಯ ಬೆಳಿಗ್ಗೆ ನನ್ನ ಮನೆಗೆ ಒಂದು ಕರೆ ಬರುತ್ತದೆ. ಯಾರೂ ಮಾತಾಡುವುದಿಲ್ಲ. ಬಸಿಗೆ ಸುರಿದುಕೊಂಡು ಚಹಾ ಹೀರುವ ಸದ್ದು ಮಾತ್ರ ಕೇಳಿಸುತ್ತದೆ, ಮೂರು ಸಲ, ಮೂರನೆಯದು ಉದ್ದ. ಭೂಮಿಯ ಮೇಲೆ ಹಾಗೆ ಚಹಾ ಹೀರುವವಳು ಒಬ್ಬಳೇ. ನಾನು ಉಸಿರು ಹಿಡಿದು ಕೇಳುತ್ತೇನೆ. ಆಮೇಲೆ ಫೋನ್ ಇಡುವ ಸದ್ದು. ಒಂಬತ್ತು ವರ್ಷ ಹೀಗೆ ನಡೆಯಿತು. ಕಳೆದ ಮಾಘದಲ್ಲಿ ನನ್ನ ಮನೆತಿರುವು ಬಂತು.

ಬಿಟ್ಟುಬಂದ ಮನೆಯ ನಂಬರಿಗೆ ಬರುವ ಕರೆಗಳು ಒಂದು ವರ್ಷ ಹೊಸ ಮನೆಗೆ ಹಿಂಬಾಲಿಸಿ ಬರುತ್ತವೆ. ಅಂದರೆ ನನ್ನ ಪಾಲಿಗೆ ಉಳಿದದ್ದು ಒಂದೇ ಯುಗಾದಿ. ಆ ಒಂದು ಕರೆ ಹೇಗೆ ಬರುತ್ತದೆ ಎನ್ನುವುದು ಹೊಸ ಮನೆಗೆ ಯಾವ ಫೋನ್ ಸೇವೆ ಆರಿಸುತ್ತೇವೆ ಎನ್ನುವುದರ ಮೇಲೆ ನಿಂತಿತ್ತು. ಆರಿಸಲು ಒಂಬತ್ತು ದಿನ ಗಡುವು.

ಸೇವೆಗಳು ಮೂರು. ಮೊದಲನೆಯದು ಸೋಸುದನಿ. ಅದು ಬೇಡದ ಮಾತನ್ನೆಲ್ಲ ಸೋಸಿ ತೆಗೆಯುತ್ತದೆ. ನಲವತ್ತು ನಿಮಿಷದ ಸಂಭಾಷಣೆ ನಾಲ್ಕು ನಿಮಿಷಕ್ಕೆ ಇಳಿಯುತ್ತದೆ. ಅವರ ಪ್ರತಿನಿಧಿ ಮನೆಗೇ ಬಂದು ಒಂದು ಮದುವೆಯ ಮಾತುಕತೆಯನ್ನು ಸೋಸಿ ಕೇಳಿಸಿದ. ‘ಬಂಗಾರ’, ‘ಇಲ್ಲ’, ‘ಹಂಗಾರ ಬ್ಯಾಡ’ ಎಂಬಷ್ಟೇ ಉಳಿದಿತ್ತು. ನನ್ನ ಹೆಂಡತಿ ದಾಕ್ಷಾಯಿಣಿಗೆ ಬಹಳ ಹಿಡಿಸಿತು. “ಇದನ್ನ ಫೋನಿಗಷ್ಟ ಅಲ್ಲ, ಇವರಿಗೂ ಹಚ್ಚಾಕ ಬರ್ತೈತೇನು?” ಎಂದು ನನ್ನ ಕಡೆ ತೋರಿಸಿ ಕೇಳಿದಳು. ಆತ ಗಂಭೀರವಾಗಿ, ಸದ್ಯಕ್ಕಿಲ್ಲ ಎಂದ. ಮಾತೇ ಇಲ್ಲದ ಕರೆ ಬಂದರೆ ಏನಾಗುತ್ತದೆ ಎಂದು ನಾನು ಕೇಳಿದೆ. “ಗಂಟೀನ ಬಾರಿಸಂಗಿಲ್ರಿ ಸಾಹೇಬ್ರ, ಅಷ್ಟು ಸ್ವಚ್ಛ!” ಎಂದ.

ಎರಡನೆಯದು ತಡದನಿ. ಆಡಿದ ಮಾತನ್ನು ಒಂದು ಗಂಟೆ ಹಿಡಿದಿಟ್ಟು ಆಮೇಲೆ ತಲುಪಿಸುತ್ತದೆ. ಅಷ್ಟರಲ್ಲಿ ಪಶ್ಚಾತ್ತಾಪವಾದರೆ ಹಿಂದಕ್ಕೆ ತೆಗೆದುಕೊಳ್ಳಬಹುದು. ಬೀಗರ ಜೊತೆ ಮಾತಾಡಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಚಹಾದ ಸದ್ದು ನನ್ನ ಕಿವಿ ತಲುಪುವ ಹೊತ್ತಿಗೆ ಅಕ್ಕ ಕಪ್ಪನ್ನೂ ಬಸಿಯನ್ನೂ ತೊಳೆದಿಟ್ಟು ಪೇಟೆಗೆ ಹೋಗಿರುತ್ತಾಳೆ.

ಮೂರನೆಯದು ಕೈಜೋಡಣೆ, ನಮ್ಮ ಹಳೆಯ ಮನೆಯಲ್ಲಿದ್ದದ್ದು. ಸ್ಟೇಷನ್ ರಸ್ತೆಯ ಒಂದು ಕೋಣೆಯಲ್ಲಿ ತಂಗೆವ್ವ ಎಂಬ ಹಿರಿಯಳು ಕೂತು ತಂತಿಗೆ ತಂತಿ ಜೋಡಿಸುತ್ತಾಳೆ. ಎಲ್ಲರ ಮಾತನ್ನೂ ಕೇಳುತ್ತಾಳೆ, ನಡುವೆ ತನ್ನ ಅಭಿಪ್ರಾಯವನ್ನೂ ಹೇಳುತ್ತಾಳೆ. ನಾಗರಿಕರು ಈ ಸೇವೆಯನ್ನು ಬಿಟ್ಟು ಎಷ್ಟೋ ಕಾಲವಾಯಿತು.

ಎಂಟು ದಿನ ನಾನು ಕಾರಣ ಹೇಳದೆ ಕೈಜೋಡಣೆಯೇ ಬೇಕೆಂದು ಹಟ ಹಿಡಿದೆ. “ಆ ತಂಗೆವ್ವನ ಕೂಡ ನಿಮ್ಮದೇನರ ಐತೇನು?” ಎಂದು ದಾಕ್ಷಾಯಿಣಿ ಕೇಳಿದಳು. ಅವಳಿಗೆ ಎಪ್ಪತ್ತೆರಡು ವರ್ಷ ಎಂದೆ. “ಅದಕ್ಕ ಕೇಳಿದೆ, ನಿಮಗ ಅದಕ್ಕಿಂತ ಸಣ್ಣಾವರು ಸಿಗಂಗಿಲ್ಲ” ಎಂದಳು. ಒಂಬತ್ತನೆಯ ದಿನ ಅರ್ಜಿ ಹಿಡಿದು ತಂಗೆವ್ವನ ಕೋಣೆಗೆ ಹೋದೆ. ಹಳೆಯ ನಂಬರನ್ನು ಯಾಕೆ ಹೊಸ ಮನೆಗೆ ಜೋಡಿಸಬೇಕೆಂದು ಅರ್ಜಿಯಲ್ಲಿ ಕೇಳಿದ್ದರು. ನಾನು ‘ವೈಯಕ್ತಿಕ’ ಎಂದು ಬರೆದಿದ್ದೆ. ಅವಳು ಅದನ್ನು ಓದಿ ನಕ್ಕಳು.

“ಯುಗಾದಿಗೆ ಚಾ ಕುಡಿಯಾಕಿ ಸಲುವಾಗಿ ಬಂದಿ, ಹೌದಿಲ್ಲೊ ತಮ್ಮಾ? ಒಂಬತ್ತು ವರ್ಷ ನಾನೂ ಕೇಳೇನಿ. ಆಕಿ ಅಂತೂ ಬಾಯಿ ಬಿಡಂಗಿಲ್ಲ. ನಿನ್ನ ಬಾಯಿಗೇನಾಗೈತಿ?”

ಕರೆದವರೇ ಮೊದಲು ಮಾತಾಡಬೇಕಲ್ಲ ಎಂದೆ.

“ಜಗಳಾ ಆದಾಗ ಸಣ್ಣಾವರು ಮೊದಲ ಮಾತಾಡಬೇಕು ಅಂತನೂ ಐತಿ. ಆಕಿ ಅದನ್ನ ಹಿಡದಾಳ, ನೀ ಇದನ್ನ ಹಿಡದಿ. ಇಬ್ರೂ ಭಾಳ ಶಾಣ್ಯಾರು. ನಡುವ ನನ್ನ ಕಿವಿ ಹೋತು ನೋಡು.”

ಎರಡನೆಯ ಪದ್ಧತಿಯೂ ನನಗೆ ಶಾಲೆಯಲ್ಲಿ ಕಲಿಸಿದ್ದೇ. ಅದು ನನಗೆ ಅನ್ವಯಿಸಬಹುದು ಎಂದು ಹೊಳೆದಿರಲಿಲ್ಲ. ನಲವತ್ತೊಂಬತ್ತು ವರ್ಷದ ಮನುಷ್ಯ ತನ್ನನ್ನು ಕಿರಿಯನೆಂದು ಎಣಿಸುವುದು ಸುಲಭವಲ್ಲ.

ಯುಗಾದಿಯ ಬೆಳಿಗ್ಗೆ ಹೊಸ ಮನೆಯ ಗೋಡೆಯಲ್ಲಿ ಗಂಟೆ ಬಾರಿಸಿತು. ಎತ್ತಿಕೊಂಡೆ. ಒಂದು ಹೀರು. ಎರಡು. ಮೂರನೆಯದು, ಉದ್ದನೆಯದು, ಶುರುವಾಗುವ ಮೊದಲು ನಾನು ಎಲ್ಲ ಮರ್ಯಾದೆ ಬಿಟ್ಟು ಅಂದೆ: “ಅಕ್ಕಾ, ಆವತ್ತು ನೀ ಕೇಳಿದ್ದು ನಾ ಕೇಳಿಸಿಕೊಂಡಿರಲಿಲ್ಲ. ಫೋನ್ ಮಂಚದ ಮ್ಯಾಲಿಟ್ಟು ಸಂಪಿಗಿ ಸಸಿಗೆ ನೀರು ಹಾಕಾಕ ಹೋಗಿದ್ದೆ.”

ಯಾರೋ ಮೂಗು ಒರೆಸಿಕೊಂಡ ಸದ್ದು, ಅದು ತಂಗೆವ್ವ. ಆಮೇಲೆ ಹನ್ನೊಂದು ವರ್ಷ ಹಳೆಯದಾದ ದನಿ:

“ಬದುಕೇತೇನೊ ಸಸಿ?”

“ಬದುಕೇತಕ್ಕ,” ಎಂದೆ. “ದೊಡ್ಡದಾಗೇತಿ.”

“ಹಂಗಾರ ಈ ಹುಣ್ಣಿಮಿ ಬಿಟ್ಟು ಮುಂದಿನ ಹುಣ್ಣಿಮಿಗೆ ಬರ್ತೇನಿ. ನಾ ಸತ್ತರ ಆರಾಮ ಅಂದಾವನು ಯಾವ ಗಿಡಕ್ಕ ನೀರು ಹಾಕಿದಾ, ನೋಡೂಣು.”

ಸಸಿ ಆ ವರ್ಷವೇ ಒಣಗಿತ್ತು. ಹೆಚ್ಚು ನೀರು ಹಾಕಿದ್ದೆನಂತೆ.

ಈಗ ಕೇಳಬೇಕಾದದ್ದಕ್ಕೆ ಬರುತ್ತೇನೆ. ನೀವೂ ಮನೆ ಬದಲಿಸುವ ತಯಾರಿಯಲ್ಲಿದ್ದೀರಿ, ಯಾರೂ ಬಳಸದ ಆ ಫೋನಿನ ಸಂಪರ್ಕವನ್ನು ತೆಗೆಸುವವರಿದ್ದೀರಿ ಎಂದು ಹಳೆಯ ದಾಖಲೆಯಿಂದ ತಿಳಿಯಿತು. ದಯವಿಟ್ಟು ತೆಗೆಸಬೇಡಿ, ನಿಮ್ಮ ನಂತರ ಬರುವವರಿಗೆ ಬಿಟ್ಟುಹೋಗಿ. ಆ ನಂಬರು ಒಬ್ಬಳಿಗೆ ಬಾಯಿಪಾಠವಾಗಬೇಕಾಗಿದೆ. ಮತ್ತು ಹೋಗುವ ಮೊದಲು ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನಿಂದ ನಾಲ್ಕು ಹೆಜ್ಜೆ ಆಚೆ, ಒಂದು ಸಂಪಿಗೆ ಸಸಿ ನೆಡಿ. ನೀರು ಮಿತವಾಗಿರಲಿ. ಮುಂದೆ ಮನೆ ಕಟ್ಟುವವರಿಗೆ ಅದನ್ನು ಕಡಿಯದಂತೆ ಹೇಳಿಹೋಗಿ. ಹುಣ್ಣಿಮೆಗೆ ಇನ್ನು ನಾಲ್ಕು ದಿನವಿದೆ. ನಿಮಗಾದರೆ ಬೇಕಾದಷ್ಟು ಕಾಲವಿದೆ. ಖಾಲಿ ಮನೆಯ ಹಿತ್ತಲಿಗೆ ಅಕ್ಕನನ್ನು ಕರೆದೊಯ್ದು ತೋರಿಸುತ್ತೇನೆ. ಹನ್ನೊಂದು ವರ್ಷದ ಗಿಡ ಇಬ್ಬರು ತಬ್ಬಿದರೂ ಸಾಲದಷ್ಟು ದಪ್ಪ ಹೇಗಾಯಿತೆಂದು ಅವಳು ಕೇಳಿಯೇ ಕೇಳುತ್ತಾಳೆ. ಹೇಳಿದೆನಲ್ಲ ಅಕ್ಕಾ, ನೀರು ಹಾಕಾಕ ಹೋಗಿದ್ದೆ, ಅನ್ನುತ್ತೇನೆ.

ಇತಿ,
ಮಹಾರುದ್ರ