ನೂರು ಸೀಸಿಯ ಮೊದಲೊಡೆಯರಿಗೆ

ಫೆಬ್ರವರಿ ೩೦, ೨೨೪೧
ಕೆಂದಿಬ್ಬ, ಸಂಡೂರಿನ ಮೇಲಿನ ಗುಡ್ಡ

ಈ ಗಾಡಿಯನ್ನು ಮೊಟ್ಟಮೊದಲು ಓಡಿಸಿದವರಿಗೆ ಹುಲಿಗೆಮ್ಮ ಮಾಡುವ ಶರಣು.

ಮೇಲಿನ ತಾರೀಖು ನೋಡಿ ಇವಳಿಗೆ ಲೆಕ್ಕ ಬಾರದು ಅಂದುಕೊಳ್ಳಬೇಡಿ. ಎಲ್ಲ ತಿಂಗಳಿಗೂ ಮೂವತ್ತೇ ದಿನ ಎಂದು ಮಾಡಿ ಬಹಳ ಕಾಲವಾಯಿತು. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಕೂಡಿಸಿ ರಜೆ ಕೊಡುತ್ತಾರೆ. ನಿಮ್ಮ ಕಾಲದಲ್ಲಿ ಈ ದಿನ ಇರಲಿಲ್ಲವಂತೆ. ಇಲ್ಲದ ದಿನದಿಂದ ಬರೆಯುತ್ತಿದ್ದೇನೆ, ಕ್ಷಮೆ ಇರಲಿ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಎಲ್ಲಿಯೂ ಕೇಳದಂಥವು ಅನ್ನಿಸಬಹುದು, ಅದಕ್ಕೂ ಕ್ಷಮೆ ಇರಲಿ. ನಾನು ಶಾಲೆಗೆ ಹೋದದ್ದು ಬಿಟ್ಟು ಬಿಟ್ಟು. ಮಳೆಗಾಲದಲ್ಲಿ ಹಳ್ಳ ಬಂದರೆ ಶಾಲೆ ಇಲ್ಲ, ಬೇಸಿಗೆಯಲ್ಲಿ ಗಿಡದ ಬೀಜ ಆರಿಸುವ ಕೆಲಸ ಬಂದರೆ ಶಾಲೆ ಇಲ್ಲ. ನಡುವೆ ಉಳಿದ ದಿನಗಳಲ್ಲಿ ಕಲಿತದ್ದು ಇಷ್ಟು. ಒತ್ತು ತಪ್ಪಿದ್ದ ಕಡೆ ನೀವೇ ಒತ್ತು ಹಾಕಿಕೊಂಡು ಓದಿ.

ಹಳೆಯ ಚೌಕಟ್ಟಿನ ಗಾಡಿ ಪಡೆದವರು ಅದನ್ನು ಊರಿಗೆ ತಂದು ಕೆಲಸಕ್ಕೆ ಹಚ್ಚುವ ಮುಂಚೆ ಅದರ ಮೊದಲೊಡೆಯರಿಗೆ ಒಂದು ಓಲೆ ಬರೆದು ಸೀಟಿನ ಕೆಳಗೆ ಇಡುವುದು ನಮ್ಮಲ್ಲಿ ಪದ್ಧತಿ. ಎಂಜಿನ್ ಹೊಸದು, ಟೈರು ಹೊಸದು, ಚೌಕಟ್ಟು ಮಾತ್ರ ನಿಮ್ಮ ಕಾಲದ ಕಬ್ಬಿಣ. ನಿಮ್ಮಲ್ಲೂ ಇದ್ದು ನಮ್ಮಲ್ಲೂ ಇರುವುದು ಅದೊಂದೇ, ಹಾಗಾಗಿ ಅದರ ಕೈಲಿ ಕೊಟ್ಟರೆ ತಲುಪಬಹುದು ಎಂದು ಹಿರಿಯರ ಅಂದಾಜು. ತಲುಪದಿದ್ದರೆ ಏನು ಗತಿ ಎಂದು ನಾನು ಯೋಚಿಸಿದ್ದಾಯಿತು. ತಲುಪಿಬಿಟ್ಟರೆ ಏನು ಗತಿ ಎಂದೂ ಯೋಚಿಸಿದ್ದಾಯಿತು.

ಕೆಳಗಿನ ಊರುಗಳಲ್ಲಿ ಈಗ ಯಾರೂ ಗಾಡಿ ಓಡಿಸುವುದಿಲ್ಲ. ತಾನೋಡಿ ಬರುತ್ತದೆ, ಕೂತರೆ ಒಯ್ಯುತ್ತದೆ. ತಾನೇ ಓಡುವುದರಿಂದ ಅದಕ್ಕೆ ಆ ಹೆಸರು. ಅದಕ್ಕೆ ಹಿಡಿಕೆಯಿಲ್ಲ, ಕಾಲಿಗೆ ಕೆಲಸವಿಲ್ಲ, ನಿಂತಾಗ ಬೀಳದೆ ತಾನೇ ನಿಂತಿರುತ್ತದೆ. ಜನ ಅದರಲ್ಲಿ ಅವರೆಕಾಯಿ ಸುಲಿಯುತ್ತಾರೆ, ಮಕ್ಕಳಿಗೆ ತಲೆ ಬಾಚುತ್ತಾರೆ, ಗಂಡ ಹೆಂಡತಿ ಜಗಳವನ್ನೂ ಅದರಲ್ಲೇ ಮುಗಿಸಿಕೊಂಡು ಇಳಿಯುತ್ತಾರೆ. ಆದರೆ ನಮ್ಮ ಗುಡ್ಡದ ಮಣ್ಣಿನಲ್ಲಿ ಇನ್ನೂ ಅದಿರು ಉಳಿದಿದೆ, ನಿಮ್ಮ ಕಾಲದವರು ಅಗೆದು ಮಿಕ್ಕದ್ದು. ಆ ಕಬ್ಬಿಣದ ಮೇಲೆ ಬಂದರೆ ತಾನೋಡಿಗೆ ದಿಕ್ಕು ತಿಳಿಯುವುದಿಲ್ಲ. ಗುಡ್ಡದ ಬುಡದಲ್ಲಿ ನಿಂತು, ಇಂಪಾದ ದನಿಯಲ್ಲಿ ಮನ್ನಿಸಬೇಕೆಂದು ಕೇಳಿ, ಹಿಂದಕ್ಕೆ ತಿರುಗುತ್ತದೆ. ಹಾಗಾಗಿ ಗುಡ್ಡದ ಊರುಗಳಿಗೆ ಮಾತ್ರ, ಊರಿಗೊಂದರಂತೆ, ಮನುಷ್ಯರೇ ಓಡಿಸುವ ಎರಡು ಗಾಲಿಯ ಗಾಡಿ ಕೊಡುತ್ತಾರೆ. ಅದು ದಂಟೆಣ್ಣೆಯಲ್ಲಿ ಓಡುತ್ತದೆ. ಜೋಳದ ದಂಟನ್ನು ಕೊಳೆಸಿ ಬಟ್ಟಿ ಇಳಿಸಿದ ನೀರಿಗೆ ದಂಟೆಣ್ಣೆ ಎನ್ನುತ್ತೇವೆ. ಎಣ್ಣೆಯಲ್ಲ, ಹೆಸರು ಹಾಗೆ ನಿಂತಿದೆ. ಗಾಡಿ ಹೋದ ಮೇಲೆ ದಾರಿಯಲ್ಲಿ ಹುಳಿ ಅಂಬಲಿಯ ವಾಸನೆ ಬಹಳ ಹೊತ್ತು ಇರುತ್ತದೆ. ಗಾಡಿಯ ಶಕ್ತಿಯನ್ನು ಈಗಲೂ ನಿಮ್ಮಂತೆ ಸೀಸಿಯಲ್ಲೇ ಹೇಳುತ್ತಾರೆ. ಸೀಸಿ ಎಂದರೆ ಏನು ಎಂದು ಕೇಳಿದರೆ, ಹೆಚ್ಚಿದ್ದರೆ ಎಳೆಯುತ್ತದೆ, ಕಡಿಮೆಯಿದ್ದರೆ ಕಡಿಮೆ ಕುಡಿಯುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತು.

ನಮ್ಮೂರ ಗಾಡಿ ಓಡಿಸುತ್ತಿದ್ದ ತಿಮ್ಮಪ್ಪಜ್ಜನ ಮೊಣಕಾಲು ಹೋದವು, ಅವನ ಹಿಂದೆಯೇ ಗಾಡಿಯೂ ಹೋಯಿತು. ಊರಿನ ಗಟ್ಟಿಮುಟ್ಟಾದವರೆಲ್ಲ ಹಳೆಯ ಗಣಿಗುಂಡಿಗಳಲ್ಲಿ ಗಿಡ ನೆಡುವ ಪಾಳಿಗೆ ಹೋದರೆ ವಾರಗಟ್ಟಲೆ ಬರುವುದಿಲ್ಲ. ಹಗಲೂ ರಾತ್ರಿ ಊರಲ್ಲೇ ಇರುವವಳು ನಾನು, ಬೀಜ ಆರಿಸುವವಳು. ಹೀಗೆ ಓಡಿಸುವ ಕೆಲಸ ನನಗೆ ಬಂತು. ಬೇಡ ಎನ್ನಬಹುದಿತ್ತು. ನನ್ನ ತಂಗಿ ಶಾರವ್ವ ಇಲ್ಲದಿದ್ದರೆ ಬೇಡ ಎಂದೇ ಅನ್ನುತ್ತಿದ್ದೆ. ಎರಡು ವರ್ಷದ ಹಿಂದೆ, ಊರಿನ ಗಾಡಿ ಹೋದ ಹೊಸತರಲ್ಲೇ, ಅವಳಿಗೆ ದಿನ ತುಂಬುವ ಮೊದಲೇ ನೋವು ಬಂತು. ಜೋಲಿ ಕಟ್ಟಿ ನಾಲ್ವರು ಹೊತ್ತು ಇಳಿದರು. ಆಸ್ಪತ್ರೆ ಸಂಡೂರಿನಲ್ಲಿ, ಹೆರಿಗೆ ಅರ್ಧ ದಾರಿಯಲ್ಲಿ. ಮಗು ಉಳಿಯಲಿಲ್ಲ. ಈಗ ಅವಳಿಗೆ ಮತ್ತೆ ಆರು ತಿಂಗಳು. ಮೊದಲೇ ಹೋಗಿ ಕೆಳಗೆ ಇರು ಎನ್ನೋಣವೆಂದರೆ, ಈ ಸಲ ಯಾವಾಗ ನೋವು ಬರುತ್ತದೆಂದು ಯಾರು ಹೇಳಬೇಕು.

ಗಾಡಿ ಕೊಡುವ ಜಾಗಕ್ಕೆ ಗಾಡಿಮನೆ ಎಂದು ಹೆಸರು, ಗುಡ್ಡದ ಬುಡದಲ್ಲಿದೆ. ಅದರ ಯಜಮಾನಿ ಮೆಹಬೂಬಮ್ಮ. ಕಲಿಕೆಯೆಲ್ಲ ಅಲ್ಲಿಯೇ. ನಿಮ್ಮ ಕಾಲದಲ್ಲಿ ಹೊಸಬರು ಗಾಡಿ ಓಡುವಾಗ ಬೀಳುತ್ತಿದ್ದರಂತೆ. ನಾವು ನಿಂತಾಗ ಬೀಳುತ್ತೇವೆ. ಹುಟ್ಟಿದಂದಿನಿಂದ ತಾನೇ ನಿಲ್ಲುವ ಗಾಡಿಗಳನ್ನು ನೋಡಿದವರು ನಾವು. ಬ್ರೇಕು ಹಿಡಿಯುತ್ತೇವೆ, ಗಾಡಿ ನಿಲ್ಲುತ್ತದೆ, ಇನ್ನು ಮುಂದಿನದು ಅದರ ಕೆಲಸ ಎಂದು ಕೂತಿರುತ್ತೇವೆ. ಕಾಲು ಕೆಳಗಿಡಬೇಕು ಎಂಬುದು ತಲೆಗೆ ಗೊತ್ತು, ಕಾಲಿಗೆ ಗೊತ್ತಿರುವುದಿಲ್ಲ. ಅದಕ್ಕೇ ಗಾಡಿಮನೆಯಲ್ಲಿ ಹುಲ್ಲು ಹಾಸುವುದು ತಿರುವಿನಲ್ಲಿ ಅಲ್ಲ, ನಿಲ್ಲಿಸುವ ಗೆರೆಯ ಎರಡೂ ಬದಿಗೆ. ನಾನು ಆ ಹುಲ್ಲಿನ ಮೇಲೆ ಎಷ್ಟು ಸಲ ಮಲಗಿದೆನೋ ಎಣಿಸಲಿಲ್ಲ.

"ಏನವ್ವ ಹುಲಿಗೆಮ್ಮ," ಅಂದಳು ಮೆಹಬೂಬಮ್ಮ ಒಂದು ದಿನ, "ಗಾಡಿ ನಿಂತೈತಿ ಅಂತ ಗಾಡಿಗೆ ಗೊತ್ತಾತು, ನಿನ್ನ ಕಾಲಿಗೆ ಇನ್ನಾ ಸುದ್ದಿ ಮುಟ್ಟಿಲ್ಲ."

ಕ್ಲಚ್ಚನ್ನು ಬೇಗ ಬಿಟ್ಟು ಗಾಡಿ ಜಿಗಿದು ಆಫ್ ಆಗುವುದು, ನ್ಯೂಟ್ರಲ್ ಹುಡುಕಿ ಹುಡುಕಿ ಎರಡನೇ ಗೇರಿಗೆ ಬೀಳುವುದು, ಇವೆಲ್ಲ ನಿಮಗೂ ಆಗಿರಬೇಕು, ಬರೆಯುವುದಿಲ್ಲ. ಬರೆಯಬೇಕಾದದ್ದು ಬೆನ್ನೊಪ್ಪಿಗೆಯ ವಿಷಯ. ಗಾಡಿ ಯಾವುದು ಬೇಕೆಂದು ಓಡಿಸುವವರು ಆರಿಸಬಹುದು, ಆದರೆ ಹಿಂದೆ ಕೂರುವವರು ಟ್ರಯಲ್‌ಗೆ ಬಂದು, ಕೂತು ನೋಡಿ, ಈ ಬೆನ್ನಿನ ಹಿಂದೆ ಕೂರಲು ನನಗೆ ಒಪ್ಪಿಗೆ ಎಂದು ಹೇಳಬೇಕು. ಹೇಳುವವರು ಸಿಗದಿದ್ದರೆ ಅಂದು ಸಂಜೆಗೆ ಗಾಡಿ ಬೇರೆ ಊರಿನ ಪಾಲು, ನಮ್ಮ ಸರದಿ ಮತ್ತೆ ಮುಂದಿನ ವರ್ಷ. ಮುಂದಿನ ವರ್ಷದ ಗಾಡಿ ಶಾರವ್ವನಿಗೆ ಯಾತಕ್ಕೆ?

ಕೊಡುವ ದಿನ ಶಾರವ್ವ, ಅವಳ ಗಂಡ ಕುಮಾರೆಪ್ಪ, ನಾನು, ಮೂವರೂ ಗಿಡ ನೆಡುವವರ ಎತ್ತಿನ ಗಾಡಿಯಲ್ಲಿ ಮುಂಚಿನ ದಿನವೇ ಹೊರಟು ಇಳಿದಿದ್ದೆವು. ನನಗೆ ತೋರಿಸಲು ಮೂರು ಗಾಡಿ ಇದ್ದವು. ಟ್ರಯಲ್ ಎಂದರೆ ಗಾಡಿಮನೆಯಿಂದ ಮೇಲಿನ ಬೇವಿನ ಮರದವರೆಗೆ ಏರನ್ನು ಹತ್ತುವುದು, ಮೊದಲು ಹಿಂದಿನ ಸೀಟಿಗೆ ಮರಳು ಚೀಲ ಕಟ್ಟಿಕೊಂಡು, ಆಮೇಲೆ ಮನುಷ್ಯರನ್ನು ಕೂರಿಸಿಕೊಂಡು. ಮರದ ಬಳಿಯಿಂದ ಗಾಡಿಯನ್ನು ಮೆಹಬೂಬಮ್ಮನ ಕಡೆಯವರು ಇಳಿಸಿ ತರುತ್ತಾರೆ, ನಾವು ನಡೆದು ಬರುತ್ತೇವೆ. ಹಿಂದಿನಿಂದ ಹಾಗೆ ನಡೆದುಬಂದಿದೆ.

ನೂರೈವತ್ತು ಸೀಸಿಯದು ಎತ್ತರ. ಏರನ್ನು ಏರು ಎಂದೇ ಎಣಿಸಲಿಲ್ಲ, ಚೀಲ ಹಿಂದಿರುವುದು ನನಗೆ ಮರೆತೇಹೋಯಿತು. ಮರದ ಬಳಿ ನಿಲ್ಲಿಸಿದೆ, ನೆನಪಿನಿಂದ ಕಾಲನ್ನೂ ಚಾಚಿದೆ, ಬೆರಳ ತುದಿಗೆ ನೆಲ ಸಿಕ್ಕಿತು, ಹಿಮ್ಮಡಿಗೆ ಸಿಗಲಿಲ್ಲ. ಗಾಡಿ, ಚೀಲ, ನಾನು, ನಿಧಾನವಾಗಿ ಮೂವರೂ ಎಡಕ್ಕೆ ಒರಗಿದೆವು. ನೂರಿಪ್ಪತ್ತೈದರದು ಎತ್ತರ ಸರಿಯಿತ್ತು, ಕ್ಲಚ್ಚು ಮಾತ್ರ ನನ್ನ ಬೆರಳಿಗೆ ಬಹಳ ಬಿಗಿ. ಎರಡನೇ ಸಲ ಹತ್ತುವ ಹೊತ್ತಿಗೆ ಅದನ್ನು ಒತ್ತಲು ನಾಲ್ಕೂ ಬೆರಳು ಸಾಲಲಿಲ್ಲ. ನೂರು ಸೀಸಿಯದು, ಅಂದರೆ ನಿಮ್ಮದು, ತಗ್ಗು. ಎರಡೂ ಪಾದ ಊರಿ ಕೂತೆ, ಅಡುಗೆಮನೆಯ ಮಣೆಯ ಮೇಲೆ ಕೂತ ಹಾಗೆ. ಆದರೆ ಏರಿನ ಅರ್ಧಕ್ಕೆ ಅದಕ್ಕೆ ಏದುಸಿರು ಬಂತು. ಒಂದನೇ ಗೇರಿನಲ್ಲೂ ಕೊರಗಿತು, ನಿಂತಿತು. ನಾನು ಬೀಳಲಿಲ್ಲ, ಅದು ಹತ್ತಲಿಲ್ಲ.

"ಅಕ್ಕ, ನೂರೈವತ್ತ ತಗೊ," ಅಂದ ಕುಮಾರೆಪ್ಪ. "ನಮ್ಮೂರ ಗುಡ್ಡಕ್ಕ ಎಳತ ಬೇಕು. ಇದು ಗಾಡಿ ಅಲ್ಲ, ಹೊಲಿಗಿ ಮಿಷನ್ನು."

"ಕಾಲ ನಿಲುಕಂಗಿಲ್ಲೊ ತಮ್ಮ."

"ಓಡೋತನಕ ಕಾಲ ಯಾಕ ಬೇಕು?"

"ನಿಲ್ಲೋತನಕ ಬೇಕಾಗಂಗಿಲ್ಲ," ಅಂದಳು ಶಾರವ್ವ, ಗಾಡಿಮನೆಯ ನೆರಳಲ್ಲಿ ಕೂತವಳು. ನನ್ನ ಕಡೆ ತಿರುಗಿದಳು. "ನೀ ಬಿದ್ರ ನಿನ್ನ ಮ್ಯಾಲ ನಾ ಬೀಳ್ತೀನಿ, ನನ್ನ ಮ್ಯಾಲ ಗಾಡಿ ಬೀಳ್ತೈತಿ. ನಾ ಈಗ ಒಬ್ಬಾಕಿ ಅಲ್ಲ ಬೇ. ನಿನ್ನ ಹಿಂದ ನಾ ಕುಂದ್ರಂಗಿಲ್ಲ."

ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಹೊತ್ತು ಇಳಿಯುತ್ತಿತ್ತು, ಆಚೆ ಊರಿನವರು ಆಗಲೇ ನೂರೈವತ್ತರ ಸೀಟು ಒತ್ತಿ ನೋಡುತ್ತಿದ್ದರು. ಎತ್ತರದ್ದನ್ನು ತಂದರೆ ಬೀಳಿಸುತ್ತೇನೆ, ತಗ್ಗಿನದನ್ನು ತಂದರೆ ಏರಿನಲ್ಲಿ ನಿಲ್ಲಿಸುತ್ತೇನೆ, ಯಾವುದನ್ನೂ ತರದಿದ್ದರೆ ಮತ್ತೆ ಜೋಲಿ. ಇದನ್ನು ಹಿಂದೆಮುಂದೆ ಮಾಡಿ ಹೇಳುತ್ತಲೇ ಇದ್ದೆ. ಕೊನೆಗೆ ನೂರು ಸೀಸಿಯ ಕಡೆ ಕೈ ತೋರಿಸಿ, ಇದರ ಮೇಲೆ ನೀನು ನೋವು ತಿನ್ನುತ್ತಾ ಏರಿನ ನಡುವೆ ಇಳಿದು ನಡೆಯಬೇಕಾಗುತ್ತದೆ, ಅದು ಹೇಗಾದೀತು ಎಂದೆ.

ಶಾರವ್ವ ಸೆರಗು ಕೊಡವಿ ಎದ್ದಳು. "ಅಕ್ಕಾ, ಹೆರಾಕ ನಾ ಎಲ್ಲಿಗೆ ಹೋಗ್ಬೇಕು? ಮ್ಯಾಲಕೋ, ಕೆಳಕೋ?"

"ಕೆಳಕ."

"ಮತ್ತ ಮುಂಜಾನಿಂದ ಎಲ್ರೂ ಮ್ಯಾಲಕ ಹತ್ತಿ ಹತ್ತಿ ಏನ್ ನೋಡಾಕತ್ತೀರಿ?"

ನೂರೈವತ್ತರ ಸೀಟು ಒತ್ತುತ್ತಿದ್ದವರೂ ತಿರುಗಿ ನೋಡಿದರು.

"ಹೋಗಾಗ ಇಳಿಜಾರು. ಬರಾಗ ಕೂಸಿನ್ನ ಎತ್ಕಂಡು ನಡಕಂತ ಬರ್ತೀನಿ. ಆವಾಗ ನನಗೇನು ಅವಸರ."

ಮೆಹಬೂಬಮ್ಮ ಕೀಲಿ ಕೈಯಲ್ಲಿ ತಿರುವುತ್ತಾ ನಿಂತಿದ್ದಳು. ಇಳಿಯುವ ಟ್ರಯಲ್ ಇದುವರೆಗೆ ಯಾರೂ ಕೇಳಿಲ್ಲ ಎಂದಳು. ಆಮೇಲೆ, ಕೇಳಬಾರದು ಅಂತಲೂ ಯಾರೂ ಹೇಳಿಲ್ಲ ಎಂದಳು. ಗಾಡಿಯನ್ನು ಬೇವಿನ ಮರಕ್ಕಿಂತಲೂ ಮೇಲೆ, ಎರಡನೇ ತಿರುವಿನವರೆಗೆ ತಳ್ಳಿಸಿದಳು. ಶಾರವ್ವ ನಡೆದೇ ಹತ್ತಿ, ಎರಡೂ ಕಡೆ ಕಾಲು ಹಾಕಿ ಕೂತಳು. ಅವಳ ಹೊಟ್ಟೆ ನನ್ನ ಬೆನ್ನಿಗೆ ತಾಗಿತು. ಗಾಡಿಯನ್ನು ಎರಡನೇ ಗೇರಿನಲ್ಲೇ ಬಿಟ್ಟೆ. ಎಂಜಿನ್ ತಾನೇ ತಡೆದು ಹಿಡಿಯುತ್ತದೆ, ಬ್ರೇಕು ಆಗಾಗ ಮುಟ್ಟಿದರೆ ಸಾಕು ಎಂದು ಕಲಿಸಿದ್ದರು. ಕೆಂಪು ಮಣ್ಣು ಜರಿಯುವ ಜಾಗ ಬಂತು, ದಾಟಿತು. ತಿರುವಿನಾಚೆ ಒಂದು ಮಂದೆ ಆಡು ದಾರಿಗೆ ಅಡ್ಡ ನಿಂತಿತ್ತು. ಬ್ರೇಕು ಹಿಡಿದೆ, ಗಾಡಿ ನಿಂತಿತು. ನಾನು ಕೆಳಗೆ ನೋಡಿದಾಗ ನನ್ನ ಎರಡೂ ಕಾಲು ಆಗಲೇ ನೆಲದ ಮೇಲಿದ್ದವು. ಯಾವಾಗ ಇಟ್ಟೆನೋ ನನಗೆ ತಿಳಿಯದು. ಆಡುಗಳು ತಮ್ಮ ಪಾಡಿಗೆ ಸಾವಕಾಶ ದಾಟಿದವು, ಇಬ್ಬರ ಭಾರವನ್ನೂ ಹಿಡಿದು ಅಷ್ಟು ಹೊತ್ತೂ ನಿಂತೆ.

ಕೆಳಗೆ ಬಂದು ನಿಲ್ಲಿಸಿದಾಗ ಶಾರವ್ವ ಇಳಿಯಲಿಲ್ಲ. ನನ್ನ ಬೆನ್ನ ಮೇಲೆ ಅವಳ ತಲೆ ಭಾರವಾಗಿತ್ತು. ಅವಳ ಗಂಡನನ್ನು ಕೂಗಿದೆ. ಕುಮಾರೆಪ್ಪ ಓಡಿ ಬಂದು ಭುಜ ಅಲುಗಿಸಿದ. ಅವಳು ಕಣ್ಣು ಬಿಟ್ಟು ಸುತ್ತ ನೋಡಿದಳು.

"ಬೆನ್ನೊಪ್ಪಿಗಿ ಐತೇನವ್ವ?" ಮೆಹಬೂಬಮ್ಮ ಕೇಳಿದಳು.

"ಆಡು ದಾಟೋತನಕ ಎಚ್ಚರ ಇದ್ದೆ ನೋಡ್ರಿ," ಅಂದಳು ಶಾರವ್ವ. "ಆಮ್ಯಾಲ ನಿದ್ದಿ ಬಂತು."

ಮೆಹಬೂಬಮ್ಮ ಎರಡನೇ ಸಲ ಕೇಳದೆ ಕೀಲಿಯನ್ನು ನನ್ನ ಕೈಗೆ ಹಾಕಿದಳು. ಓಡುವ ಗಾಡಿಯ ಮೇಲೆ ಹಿಂದಿನವರು ನಿದ್ದೆ ಹೋಗುವುದು ಎಷ್ಟು ಅಪಾಯ ಎಂಬುದನ್ನು ನಾನು ಊರಿಗೆ ಮರಳುವ ದಾರಿಯುದ್ದಕ್ಕೂ ಶಾರವ್ವನಿಗೆ ಹೇಳಿದೆ. ಗಾಡಿಯ ಎಳೆತ ಸಾಲದ ಕಡೆ ಅವಳು ಇಳಿದು ನಡೆದಳು, ಕುಮಾರೆಪ್ಪ ಹೊಲಿಗೆ ಮಿಷನ್ನನ್ನು ಹಿಂದಿನಿಂದ ದೂಡಿದ.

ಈಗ ನಿಮ್ಮಲ್ಲಿ ನನ್ನ ಬೇಡಿಕೆ. ಚೌಕಟ್ಟಿನ ಎಡಗಡೆ ಕಾಲಿಡುವ ಕಡ್ಡಿ ಒಳಕ್ಕೆ ಬಾಗಿದೆ, ಹಳೆಯ ಬಾಗು. ನೀವು ಬಿದ್ದದ್ದೇ? ಓಡುವಾಗಲೋ, ನಿಂತಾಗಲೋ? ಪೆಟ್ಟಾಯಿತೇ, ಹಿಂದೆ ಯಾರಾದರೂ ಇದ್ದರೇ? ಇನ್ನೂ ಬೀಳದಿದ್ದರೆ ದಯಮಾಡಿ ಹುಷಾರು. ಗಾಡಿಯನ್ನು ಮಳೆಯಲ್ಲಿ ಬಿಡಬೇಡಿ, ತುಕ್ಕು ಹಿಡಿಯಲು ಕೊಡಬೇಡಿ. ನಿಮ್ಮ ಕೆಲಸ ಮುಗಿದ ಮೇಲೆ ಅದು ನನಗೆ ಬೇಕು. ಮತ್ತು ನಿಮ್ಮ ಕಡೆ ಹೊಸದಾಗಿ ಗಾಡಿ ಕಲಿಯುವವರು ಅಂಗಡಿಗೆ ಹೋಗಿ, ಎಷ್ಟು ಎಳೆಯುತ್ತದೆ, ಎಷ್ಟು ಓಡುತ್ತದೆ ಎಂದು ಕೇಳುತ್ತಿದ್ದರೆ, ಹಿಂದೆ ಕೂರುವವರನ್ನೂ ಜೊತೆಗೆ ಕರೆದೊಯ್ಯಲು ಹೇಳಿ. ಅವರು ಎಲ್ಲಿಗೆ ಹೋಗಬೇಕು ಎಂದು ಕೇಳಲು ಹೇಳಿ.

ಗಾಡಿಯನ್ನು ಮನೆ ಮುಂದೆ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ಟ್ಯಾಂಕು ತುಂಬಿದೆ. ಶಾರವ್ವ ಒಳಗೆ ಯಾರ ಜೊತೆಗೋ ನಗುತ್ತಿದ್ದಾಳೆ, ನಗು ನಿಂತಾಗಲೆಲ್ಲ ನಾನು ಬರೆಯುವುದು ನಿಲ್ಲಿಸುತ್ತೇನೆ. ನೀವು ಇದನ್ನು ಓದುವ ಹೊತ್ತಿಗೆ ಆ ಮಗು ಇನ್ನೂ ಹುಟ್ಟಿರುವುದಿಲ್ಲ. ನಾನು ಬರೆಯುವ ಹೊತ್ತಿಗೂ ಹುಟ್ಟಿಲ್ಲ. ನಮ್ಮ ನಡುವೆ ಇಷ್ಟು ವರ್ಷ ಇದ್ದರೂ ಈ ಒಂದು ವಿಷಯದಲ್ಲಿ ನಿಮಗೆ ಗೊತ್ತಿರುವಷ್ಟೇ ನನಗೂ ಗೊತ್ತು.

ಇಂತಿ,
ಹುಲಿಗೆಮ್ಮ