ಕಾಗೆಗೆ ಇಟ್ಟದ್ದು

೧೮ ಡಿಸೆಂಬರ್ ೧೯೭೪, ಸಂಜೆ

ಗೌಳಿ ಇಂದೂ ಇಬ್ಬರಿಗಾಗುವಷ್ಟು ಹಾಲು ಹಾಕಿ ಹೋಗಿದ್ದ. ಕಾಯಿಸಲಿಲ್ಲ. ಒಡೆಯಿತು.

ಮಥುರಾಳ ಹತ್ತನೆಯ ದಿನ. ಕಾಮಾಲೆಯಲ್ಲಿ ಹೋದಳು, ನನ್ನ ಹೆಂಡತಿ. ಮುನವಳ್ಳಿಯ ಹೊಳೆ ದಂಡೆಯಲ್ಲಿ ಪಿಂಡ ಇಟ್ಟು ದೂರ ನಿಂತೆವು. ಮರದ ತುಂಬ ಕಾಗೆ. ಒಂದೂ ಇಳಿಯಲಿಲ್ಲ. ಏನೋ ಆಸೆ ಉಳಿದಿದೆ ಎಂದರು. ಒಬ್ಬೊಬ್ಬರೇ ಮಾತು ಕೊಡತೊಡಗಿದರು. ಅವಳ ಅಣ್ಣ ದಿಗಂಬರ, "ಅವ್ವನ್ನ ನಾ ಛಲೋ ನೋಡ್ಕೋತೇನಿ, ಮಥುರಾ, ಚಿಂತಿ ಬ್ಯಾಡ" ಎಂದು ಅತ್ತ. ನನ್ನನ್ನೂ ಮುಂದೆ ತಳ್ಳಿದರು. ಬಾಯಿ ಬರಲಿಲ್ಲ. ಕೊನೆಗೆ ಭಟ್ಟರು ದರ್ಭೆಯ ಕಾಗೆ ಮಾಡಿ ಪಿಂಡಕ್ಕೆ ಮುಟ್ಟಿಸಿದರು.

ಅಳು ಬಂದಿಲ್ಲ. ಕುಳಿತು ಕುಳಿತು ಕಾಲು ಮರಗಟ್ಟುತ್ತದಲ್ಲ—ಹಾಗೆ ಇಡೀ ಮೈ.

೨ ಜನವರಿ ೧೯೭೫

ಮತ್ತೆ ಕೆಲಸಕ್ಕೆ, ಜಿನ್ನಿಂಗ್ ಫ್ಯಾಕ್ಟರಿಗೆ. ಅರಳೆಯ ತೂಕ ಬರೆದೆ. ಊಟ ಮಾಡಿದೆನೋ ಇಲ್ಲವೋ.

೯ ಜನವರಿ

ನೀಲಕಂಠ, ಜಟ್ಟೆಪ್ಪ ಬಂದಿದ್ದರು. ಬೈಲಹೊಂಗಲದ ಶಾಲೆಯಲ್ಲಿ ಮೂವರದೂ ಒಂದೇ ಬೆಂಚು. ಈಗ ನೀಲಕಂಠ ಮುರಗೋಡದಲ್ಲಿ ಮಾಸ್ತರ, ಜಟ್ಟೆಪ್ಪ ಬಸ್ ಡ್ರೈವರ್.

"ಕಾಡಿಗೆ ಹೋಗೂಣು ರಘ್ಯಾ. ಎರಡ ದಿನ," ಎಂದ ಜಟ್ಟೆಪ್ಪ.

"ನನಗ ಬ್ಯಾಡ."

"ನಿನ್ನ ಯಾರ ಕೇಳ್ಯಾರಲೇ? ಗಾಡ್ಯಾಗ ಕುಂಡ್ರು, ಸಾಕು."

ಹೂಂ ಎಂದೆ. ಇಲ್ಲ ಎನ್ನಲು ಶಕ್ತಿ ಬೇಕು.

೧೧ ಜನವರಿ

ಕಿತ್ತೂರು ದಾಟಿ ಕಾಡು. ಹಳ್ಳದ ದಂಡೆಗೆ ತಾಡಪತ್ರಿ ಕಟ್ಟಿದರು. ಜಟ್ಟೆಪ್ಪ ಬದನೆಕಾಯಿ ಸುಟ್ಟ. ಅವನ ತಾಯಿ ಮರೆವ್ವ ಬಡಿದುಕೊಟ್ಟ ರೊಟ್ಟಿ. ತಿಂದೆ. ಜಟ್ಟೆಪ್ಪ ನನ್ನ ಮುಖವನ್ನೇ ನೋಡುತ್ತಿದ್ದ. ಬೇಕಂತಲೇ ಖಾರ ಸುರಿದಿದ್ದನಂತೆ, ಬೈಯುತ್ತೇನೋ ಎಂದು ನೋಡಲು. ನನಗೆ ಗೊತ್ತೇ ಆಗಲಿಲ್ಲ. ಪಾಪ, ಅವನೇ ನೀರು ಕುಡಿದ.

೧೨ ಜನವರಿ, ಮಧ್ಯಾಹ್ನ

ಬೆಳಿಗ್ಗೆ ನೀಲಕಂಠ ಚೀಲದಿಂದ ಅಕ್ಕಿ, ಎಳ್ಳು ತೆಗೆದ. ನನಗೆ ಹೇಳದೆ ತಂದಿದ್ದ.

"ಇನ್ನೊಮ್ಮೆ ಇಡೂಣು. ಅಲ್ಲೆ ಮಂದಿ ಭಾಳ ಇದ್ರು. ಇಲ್ಲೆ ನೀ ಒಬ್ಬನ ಮಾತಾಡು."

"ನಮ್ಮ ಮನ್ಯಾಗ ಕಾಗಿ ಸಾಕ್ಷಿ ಕೇಳೂದಿಲ್ಲಪಾ," ಎಂದ ಜಟ್ಟೆಪ್ಪ. "ಆದ್ರ ಕಟಗಿ ತರತೇನಿ, ತಡಿ."

ಅನ್ನ ಮಾಡಿ, ಉಂಡೆ ಕಟ್ಟಿ, ಬಂಡೆಯ ಮೇಲೆ ಎಲೆ ಹಾಸಿ ಇಟ್ಟೆವು. ನೀಲಕಂಠ ಕಾ ಕಾ ಎಂದು ಕೂಗಿದ. ಕಾಗೆಯ ಸುಳಿವಿಲ್ಲ. ಊರ ಕಾಗೆಗೆ ಇಲ್ಲೇನು ಕೆಲಸ? ಮೂವರಿಗೂ ಹೊಳೆದಿರಲಿಲ್ಲ. ಜಟ್ಟೆಪ್ಪನೂ ಕೂಗಲು ಸೇರಿಕೊಂಡ. ಮಾತಾಡು, ಮಾತಾಡು ಎಂದು ನನಗೆ ಸನ್ನೆ.

"ಮಥುರಾ..." ಎಂದೆ. ಮುಂದೆ ಏನೂ ಇಲ್ಲ.

ಆಗ ದೊಪ್ಪೆಂದು ಒಂದು ಮಂಗ ಇಳಿಯಿತು. ಉಂಡೆ ಎತ್ತಿಕೊಂಡಿತು. ಮೂಸಿತು. ಎಳ್ಳು ಕೊಡವಿ ಅನ್ನವನ್ನಷ್ಟೇ ತಿಂದಿತು. ಹೋಗುವಾಗ ನೀಲಕಂಠನ ಟವೆಲ್ಲನ್ನೂ ಒಯ್ದಿತು.

"ಲೇ ನೀಲ್ಯಾ, ಇದು ನಡೀತದೇನಲೇ?" ಎಂದ ಜಟ್ಟೆಪ್ಪ.

"ಶಾಸ್ತ್ರದಾಗ ಮಂಗ್ಯಾ ಇಲ್ಲೋ!" ನೀಲಕಂಠನ ದನಿ ಅಳುವ ಹಾಗಿತ್ತು.

ನಕ್ಕುಬಿಟ್ಟೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಬ್ಬರೂ ಮೊದಲು ಹೆದರಿದರು, ಆಮೇಲೆ ಅವರೂ ನಕ್ಕರು.

೧೩ ಜನವರಿ, ಮನೆ

ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಂಗನ ಕಥೆ ಜೋಡಿಸಿಕೊಂಡು ಬಂದೆ. ನೀಲಕಂಠನ ದನಿ ಹೇಗೆ ತೆಗೆಯಬೇಕು... ಟವೆಲ್ಲಿನ ವಿಷಯ ಕೊನೆಗೇ ಹೇಳಬೇಕು. ಕೀಲಿ ತೆಗೆದೆ. ಚಪ್ಪಲಿ ಬಿಡುತ್ತಲೇ ಕೂಗಿದೆ—

"ಮಥುರಾ, ಲಗೂನ ಬಾ ಇಲ್ಲೆ! ನೀಲ್ಯಾಂದು ಕೇಳು!"

ಕೂಗಿ, ಬರುತ್ತಾಳೆಂದು ನಿಂತೆ.

ಈಗ ಅಳು ನಿಲ್ಲುತ್ತಿಲ್ಲ. ಬಾಗಿಲು ತೆರೆದೇ ಇದೆ. ಓಣಿಗೆಲ್ಲ ಕೇಳಲಿ. ಹೊಳೆಯ ದಂಡೆಯಲ್ಲಿ ಬಾಯಿ ಬರಲಿಲ್ಲ, ಈಗ ಹೇಳುತ್ತೇನೆ, ಕೇಳು ಮಥುರಾ. ಆ ಮಂಗ ಮೊದಲು...